ಬಾಗಿಲು ಹಾಕಿಕೊಂಡು ಕಸರತ್ತು

ಮಾರ್ಚ್ 3, ಸೋಮವಾರ

ದಾಖಲೆ ಇಲ್ಲದ ದೂರು ದೂರೇ ಅಲ್ಲ. ಇಪ್ಪತ್ತಾರು ವರ್ಷ ಫ್ಯಾಕ್ಟರಿ ಗೇಟಿನಲ್ಲಿ ನಿಂತು ಕಂಡವರ ಚೀಲ ಬಿಚ್ಚಿಸಿ ನಾನು ಕಲಿತದ್ದು ಇದೊಂದೇ. ಅದಕ್ಕೇ ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ, ನನ್ನ ಹತ್ತಿರ ಇರಲಿ ಅಂತ.

ವಿಷಯ ಇಷ್ಟೇ. ನನ್ನ ಹೆಂಡತಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ.

ಬೆಳಗ್ಗೆ ಡ್ಯೂಟಿಗೆ ಹೊರಟವನು ಊಟದ ಡಬ್ಬಿ ಮರೆತು ಬಸ್ ಸ್ಟಾಪಿನಿಂದ ವಾಪಸ್ ಬಂದೆ. ಮಗಳ ಕೋಣೆಯ ಬಾಗಿಲು ಹಾಕಿತ್ತು. ಮಗಳು ಮದುವೆಯಾಗಿ ಹೋಗಿ ಮೂರು ವರ್ಷವಾಯಿತು, ಆ ಕೋಣೆಯಲ್ಲಿ ಇಸ್ತ್ರಿ ಮೇಜು, ಒಂದು ಹಳೇ ಮಂಚ, ಒಂದು ಕುರ್ಚಿ ಬಿಟ್ಟರೆ ಏನಿಲ್ಲ. ಒಳಗಿನಿಂದ ಗಂಡಸಿನ ದನಿ. "ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಹಾಂ, ಹಾಗೇ! ಶಭಾಷ್!" ಹಿಂದೆಯೇ ಇವಳ ಏದುಸಿರು.

ಬಾಗಿಲು ಬಡಿದೆ. ದನಿ ಟಕ್ ಅಂತ ನಿಂತಿತು. ಬಾಗಿಲು ತೆಗೆದವಳ ಮುಖ ಕೆಂಪಗಾಗಿತ್ತು, ಹಣೆ ತುಂಬ ಬೆವರು. ಒಳಗೆ ಬೇರೆ ಯಾರೂ ಇಲ್ಲ. ಬಗ್ಗಿ ಮಂಚದ ಕೆಳಗೆ ನೋಡಿದೆ. ಏಳುವಾಗ ಮಂಚದ ಕಾಲು ಹಿಡಿದು ಎರಡು ಸಲ ಪ್ರಯತ್ನ ಮಾಡಬೇಕಾಯಿತು, ಆ ಮಂಚ ಬೇರೆ ಅಲ್ಲಾಡುತ್ತದೆ.

"ಏನ್ರೀ ಹುಡುಕ್ತಿದೀರಿ?" ಅಂದಳು.

"ಊಟದ ಡಬ್ಬಿ."

"ಮಂಚದ ಕೆಳಗಾ?"

ಅಡುಗೆಮನೆಯಿಂದ ಡಬ್ಬಿ ಎತ್ತಿಕೊಂಡು ಹೊರಟೆ. ಬಸ್ಸೂ ತಪ್ಪಿತು.

ಮಾರ್ಚ್ 4, ಮಂಗಳವಾರ

ದರ್ಜಿ ಕಳ್ಳ. ಹೊಸ ಯೂನಿಫಾರಮ್ಮಿನ ಕಾಜಾಗಳನ್ನೆಲ್ಲ ಸಣ್ಣ ಮಾಡಿಟ್ಟಿದ್ದಾನೆ. ಒಂದೊಂದು ಗುಂಡಿಗೆ ಎರಡೆರಡು ನಿಮಿಷ. ಅವನ ವಂಶವನ್ನೆಲ್ಲ ಬೈಯುತ್ತ ನಿಂತಿದ್ದರೆ ಇವಳು ಬಂದು ಐದೂ ಗುಂಡಿ ಹಾಕಿ, ಕಾಲರ್ ಸರಿ ಮಾಡಿ ಹೋದಳು.

ಮೂವತ್ತು ವರ್ಷದ ಸಂಸಾರದಲ್ಲಿ ಒಂದು ದಿನ ಇಲ್ಲದ್ದು ಈಗ ಯಾಕೆ? ಗೇಟಿನಲ್ಲಿ ಯಾವತ್ತೂ ಇಲ್ಲದ ನಮಸ್ಕಾರ ಹೊಡೆದವನ ಚೀಲವನ್ನೇ ನಾನು ಮೊದಲು ಬಿಚ್ಚಿಸೋದು.

ಮಾರ್ಚ್ 6, ಗುರುವಾರ

ಸಿಕ್ಕಿಬಿತ್ತು!

ಫ್ಯಾಕ್ಟರಿಯಲ್ಲಿ ನಮ್ಮದೊಂದು ಪದ್ಧತಿ ಇದೆ. ಎಲ್ಲರನ್ನೂ ತಪಾಸಣೆ ಮಾಡಿದರೆ ಸಾಲು ಮುಂದೆ ಹೋಗಲ್ಲ, ಅದಕ್ಕೆ ಏಳನೆಯವನನ್ನು ಪಕ್ಕಕ್ಕೆ ಕರೀತೀವಿ. ಇವತ್ತು ಇವಳು ಸ್ನಾನಕ್ಕೆ ಹೋದಾಗ ಇಸ್ತ್ರಿ ಬಟ್ಟೆಯ ರಾಶಿಯಲ್ಲಿ ಮೇಲಿನಿಂದ ಏಳನೆಯದನ್ನು ಎಳೆದೆ. ದಿಂಬಿನ ಚೀಲ. ಅದರೊಳಗೆ ಮಗಳ ಹಳೇ ಎಂಪಿ ಫೋರ್ ಪ್ಲೇಯರು. ಅಂಗೈ ಅಗಲದ್ದು, ಅವಳು ಕಾಲೇಜಿಗೆ ಹೋಗುವಾಗ ಹಾಡು ಕೇಳಲಿ, ವೀಡಿಯೊ ನೋಡಲಿ ಅಂತ ನಾನೇ ಕೊಡಿಸಿದ್ದು. ಇನ್ನೂ ಜೀವಂತ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ನೋಡಿದರೆ ನಾನು ಹಿಡಿದುಬಿಡ್ತೀನಿ ಅಂತ ಇವಳಿಗೆ ಗೊತ್ತು, ನೋಡಿ, ಎಷ್ಟು ತಲೆ ಓಡಿಸಿದ್ದಾಳೆ.

ಒತ್ತಿದೆ. ಒಬ್ಬ ಗಂಡಸು ಪ್ರತ್ಯಕ್ಷನಾದ. ಮೂವತ್ತೈದು ಇರಬಹುದು, ಅವನ ತೋಳು ನನ್ನ ತೊಡೆ ಗಾತ್ರ. ಚಾಪೆ ಹಾಸಿಕೊಂಡು ನಿಂತು, "ಮನೆಯಲ್ಲೇ ವ್ಯಾಯಾಮ, ಮೂರನೇ ವಾರ. ಬೆನ್ನು ನೆಟ್ಟಗಿರಲಿ" ಅಂದ. ಕೆಳಗೆ ಎಂಟು ವಾರದ ಪಟ್ಟಿ.

ವ್ಯಾಯಾಮ ತಾನೇ, ಮಾಡಿಕೊಳ್ಳಲಿ ಬಿಡು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಾಡೋದು ಒಳ್ಳೇ ಕೆಲಸವಾದರೆ ದಿಂಬಿನ ಚೀಲ ಯಾಕೆ?

ಊಟಕ್ಕೆ ಕೂತಾಗ ಕೇಳಿದೆ. "ಮೊನ್ನೆ ಬೆಳಗ್ಗೆ ಯಾರದೋ ದನಿ ಕೇಳಿಸ್ತಲ್ಲ?"

"ರೇಡಿಯೋ ಹಾಕಿದ್ದೆ."

ನಮ್ಮ ರೇಡಿಯೋ ಕೆಟ್ಟು ಎರಡು ವರ್ಷವಾಗಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮಾರ್ಚ್ 11, ಮಂಗಳವಾರ

ಈ ವಾರ ನನಗೆ ಮಧ್ಯಾಹ್ನದ ಪಾಳಿ. ಇವಳು ಒಂಬತ್ತಕ್ಕೆ ಶಾಲೆಗೆ ಹೋಗ್ತಾಳೆ, ಅಲ್ಲಿನ ಲೈಬ್ರರಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕೋ ಅರ್ಧ ದಿನದ ಕೆಲಸ. ಆಚೆ ಹೋಗಿದ್ದೇ ತಡ, ಪ್ಲೇಯರು ತೆಗೆದೆ. ಅದಕ್ಕೆ ನೆನಪಿನ ಶಕ್ತಿ ಇದೆ, ನಿಲ್ಲಿಸಿದಲ್ಲಿಂದಲೇ ಶುರುವಾಗುತ್ತದೆ. ಗುರುವಾರ ಮೂರನೇ ವಾರದಲ್ಲಿದ್ದಳು, ಈಗ ನಾಲ್ಕನೇ ವಾರ. ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಹಿಡಿದು ನಡೆಯೋದು. ಮಂಡಿ ಬಗ್ಗಿಸಿ ಭಾರ ಎತ್ತೋದು. ತೂಕ ಇಳಿಸುವ ವ್ಯಾಯಾಮ ಹೀಗಿರಲ್ಲ. ಇದು ಶಕ್ತಿ ಬರಿಸುವಂಥದ್ದು. ಐವತ್ಮೂರನೇ ವಯಸ್ಸಿನಲ್ಲಿ ಇವಳೇನು ಬಂದರಿನಲ್ಲಿ ಮೂಟೆ ಹೊರಲಿಕ್ಕೆ ಹೋಗ್ತಾಳಾ?

ಎರಡನೇ ವಾರದ್ದನ್ನು ನಾನೂ ಮಾಡಿ ನೋಡಿದೆ. ಕುರ್ಚಿಯಲ್ಲಿ ಕೂತು, ಕೈ ಊರದೆ ಹತ್ತು ಸಲ ಏಳಬೇಕು. ನಮ್ಮ ಕುರ್ಚಿ ತೀರಾ ತಗ್ಗು. ಬಡಗಿ ಕಾಲು ಕೊಯ್ದು ಕೊಟ್ಟಿದ್ದಾನೋ ಏನೋ. ಒಂದೂ ಆಗಲಿಲ್ಲ. ವೀಡಿಯೊದವನಿಗೆ ಒಳ್ಳೇ ಎತ್ತರದ ಕುರ್ಚಿ ಕೊಟ್ಟಿದ್ದಾರೆ, ಎದ್ದದ್ದೇನು ದೊಡ್ಡ ವಿಷಯವಲ್ಲ.

ಆದರೆ ಮುಖ್ಯ ವಿಷಯ ಆಮೇಲೆ ಕಂಡಿತು. ಅವನ ಅಂಗಿಯ ಜೇಬಿನ ಮೇಲೆ ಒಂದು ಗುರುತು. ಪರದೆಯನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದೆ. ನಮ್ಮ ದೊಡ್ಡಾಸ್ಪತ್ರೆಯ ಗುರುತು!

ಈಗ ಎಲ್ಲ ಹೊಂದಿಕೊಳ್ತಾ ಇದೆ. ಜನವರಿಯಲ್ಲಿ ಎಡಗಾಲು ಜೋಮು ಹಿಡಿದ ಹಾಗಾಗುತ್ತೆ ಅಂತ ಆ ಆಸ್ಪತ್ರೆಗೆ ಹೋಗಿದ್ದೆ. ಕೈಕಾಲಿಗೆ ಸೂಜಿ ಚುಚ್ಚಿ ಕರೆಂಟು ಹಾಯಿಸಿ ನೋಡಿದರು. ರಿಪೋರ್ಟು ತರಲಿಕ್ಕೆ ನಾನು ಹೋಗಲಿಲ್ಲ. ರೋಗಿ ಎದುರಿಗೆ ಕಂಡರೆ ಡಾಕ್ಟರಿಗೆ ಇನ್ನೊಂದು ಟೆಸ್ಟ್ ನೆನಪಾಗುತ್ತೆ. ಇವಳನ್ನು ಕಳಿಸಿದೆ. ಸಂಜೆ ಬಂದು, "ನರ ಸ್ವಲ್ಪ ಸೋತಿದೆಯಂತೆ, ಗುಳಿಗೆ ಕೊಟ್ಟಿದ್ದಾರೆ" ಅಂದಳು. ಇವಳು ಬದಲಾದದ್ದು ಅವತ್ತಿನಿಂದಲೇ. ಅಂದರೆ ಅವತ್ತು ಆಸ್ಪತ್ರೆಯಲ್ಲಿ ಇವಳು ಇವನನ್ನು ಕಂಡಿದ್ದಾಳೆ.

ಬರೆಯಲಿಕ್ಕೇ ನಾಚಿಕೆ, ಆದರೂ ಬರೀತೀನಿ. ಇವಳು ನನ್ನನ್ನು ಬಿಟ್ಟು ಹೋಗ್ತಾಳೆ ಅಂತ ನನಗೆ ಭಯ.

ಮಾರ್ಚ್ 16, ಭಾನುವಾರ

ನಾದಿನಿ ಬಂದಿದ್ದಳು, ಇವಳ ತಂಗಿ. ತಿಂಗಳಲ್ಲಿ ಇದು ನಾಲ್ಕನೇ ಸಲ. ಒಳ್ಳೇ ಗಟ್ಟಿಗಿತ್ತಿ, ಕೂತರೆ ಸೋಫಾ ತುಂಬ್ತಾಳೆ. ಮೊದಲೆಲ್ಲ ಬಂದ ಕೂಡಲೇ "ಭಾವ, ಇವತ್ತು ಯಾರ ಜೇಬಿಗೆ ಕೈ ಹಾಕಿದ್ರಿ?" ಅಂತ ರೇಗಿಸೋಳು. ಇವತ್ತು "ಹೇಗಿದೀರಿ ಭಾವ?" ಅಂತ ಕೇಳಿ ಬೇರೆ ಕಡೆ ಮುಖ ತಿರುಗಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಅಕ್ಕತಂಗಿ ಇಬ್ಬರೂ ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಗಂಟೆ. ಒಮ್ಮೆ ದೊಪ್ಪ ಅಂತ ಏನೋ ಬಿದ್ದ ಸದ್ದು, ಆಮೇಲೆ ಇಬ್ಬರೂ ನಕ್ಕರು, ಆಮೇಲೆ ಮಾತೇ ಇಲ್ಲ. ಹೊರಗೆ ಬಂದಾಗ ತಂಗಿಯ ಕಣ್ಣು ಕೆಂಪಾಗಿತ್ತು. "ಏನಮ್ಮಾ?" ಅಂದರೆ "ಧೂಳು ಭಾವ" ಅಂದಳು. ಆ ಕೋಣೆಯನ್ನು ಇವಳು ದಿನಾ ಗುಡಿಸ್ತಾಳೆ.

ಅವಳು ಹೋದ ಮೇಲೆ ಇವಳು ನನ್ನ ಎದುರಿಗೆ ಬಂದು ನಿಂತಳು. "ರೀ, ಸ್ವಲ್ಪ ಕೂತ್ಕೊಳ್ಳಿ. ಒಂದು ಮಾತಿದೆ."

ಈ ಮಾತು ಯಾವುದು ಅಂತ ನನಗೆ ಗೊತ್ತಿಲ್ಲವಾ? "ಹಾಲು ತರ್ತೀನಿ" ಅಂತ ಎದ್ದು ಹೋದೆ. ಹಾಲು ಮನೆಯಲ್ಲಿತ್ತು. ಆದರೂ ತಂದೆ.

ಮಾರ್ಚ್ 24, ಸೋಮವಾರ

ಗೇಟಿನಲ್ಲಿ ನನ್ನ ಜೊತೆಗಿರುವ ಉದ್ದಣ್ಣನಿಗೆ, ಬೇರೆಯವರ ಕಥೆ ಅನ್ನೋ ಹಾಗೆ, ಸ್ವಲ್ಪ ಹೇಳಿದೆ. ಅವನು ಆರಡಿ ಮೂರಂಗುಲ ಇದ್ದಾನೆ, ಬುದ್ಧಿ ಮಾತ್ರ ಮೊಣಕಾಲಿನವರೆಗೆ.

"ಆಯ್ತು, ಮುಗೀತು ಆ ಮನುಷ್ಯನ ಕಥೆ," ಅಂದ. "ನನ್ನ ಷಡ್ಡಕನ ಹೆಂಡತಿ ಐವತ್ತಕ್ಕೆ ಜಿಮ್ ಸೇರಿದಳು. ಆರು ತಿಂಗಳಿಗೆ ಬೇರೆ ಮನೆ ಮಾಡಿದಳು."

"ವ್ಯಾಯಾಮ ಮಾಡೋರೆಲ್ಲ ಬಿಟ್ಟು ಹೋಗ್ತಾರೇನಯ್ಯಾ?"

"ಹೇಳಿ ಮಾಡೋರು ಹೋಗಲ್ಲ. ಕದ್ದು ಮಾಡೋರು ಹೋಗ್ತಾರೆ." ಆಮೇಲೆ ನನ್ನನ್ನೇ ನೋಡಿ, "ಯಜಮಾನ್ರೇ, ನೀವ್ಯಾಕೆ ಕಾಲು ಎಳೀತಾ ನಡೀತೀರಿ?" ಅಂದ.

ಚಪ್ಪಲಿ ಅಂದೆ. ಹೊಸ ಅಟ್ಟೆ ಹಾಕಿದ ಚಮ್ಮಾರ ಎಡಗಾಲಿನದ್ದನ್ನು ಭಾರ ಮಾಡಿಟ್ಟಿದ್ದಾನೆ, ಮುಂದಿನ ತುದಿ ನೆಲಕ್ಕೆ ಸಿಕ್ಕಿಕೊಳ್ತದೆ. ಈ ಪೆನ್ನೂ ಸರಿ ಇಲ್ಲ, ಬೆರಳಿನಲ್ಲಿ ನಿಲ್ಲದೆ ಜಾರ್ತದೆ. ಯಾವುದನ್ನೂ ನಂಬೋ ಹಾಗಿಲ್ಲ ಈಗ.

ಏಪ್ರಿಲ್ 2, ಬುಧವಾರ

ಹಿಂಬಾಲಿಸಿದೆ. ಹೆಂಡತಿಯ ಹಿಂದೆ ಕಳ್ಳನ ಹಾಗೆ ಹೋದೆ, ಥೂ.

ಶಾಲೆಗೆ ಅಂತ ಹೊರಟವಳು ದೊಡ್ಡಾಸ್ಪತ್ರೆಯ ಬಸ್ ಹತ್ತಿದಳು. ನಾನು ಹಿಂದಿನ ಬಸ್ಸಿನಲ್ಲಿ ಹೋದೆ. ಮೊದಲನೇ ಮಹಡಿ, ಉದ್ದ ಮೊಗಸಾಲೆ, ಕೊನೆಯಲ್ಲಿ ಗಾಜಿನ ಬಾಗಿಲು. ಒಳಗೆ ಅವನೇ! ಪರದೆಯಲ್ಲಿ ಆನೆ ಹಾಗೆ ಕಾಣೋನು, ಎದುರಿಗೆ ನೋಡಿದರೆ ನನ್ನ ಭುಜದವರೆಗೂ ಬರಲ್ಲ. ಇವಳು ಬಗ್ಗಿ ನಿಂತಿದ್ದಳು. ಅವನು ಇವಳ ಸೊಂಟದ ಹತ್ತಿರ ಕೈ ಇಟ್ಟು ಏನೋ ಹೇಳ್ತಿದ್ದ. ಇವಳು ತಲೆ ಆಡಿಸ್ತಿದ್ದಳು. ಆಮೇಲೆ ನೆಟ್ಟಗೆ ನಿಂತು ಬರಿಗೈಯಲ್ಲೇ ಕಣ್ಣು ಒರೆಸಿಕೊಂಡಳು. ಅವನು ಇವಳಿಗೆ ನೀರು ಕೊಟ್ಟ.

ಒಳಗೆ ನುಗ್ಗಿ ಅವನ ಕೊರಳಪಟ್ಟಿ ಹಿಡಿಯೋಣ ಅಂತಲೇ ಹೋಗಿದ್ದೆ. ಆದರೆ ಇವಳ ಆ ಮುಖ ನೋಡಿ ಕಾಲು ಬರಲಿಲ್ಲ. ನನ್ನ ಎದುರಿಗೆ ಇವಳು ಅತ್ತು ಎಷ್ಟು ವರ್ಷವಾಯಿತು? ಅಳೋದನ್ನೂ ಅವನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಅದು ನನ್ನನ್ನು ಕೊಂದುಹಾಕಿತು.

ಇಳಿಯುವಾಗ ಮೆಟ್ಟಿಲಲ್ಲಿ ಬಿದ್ದೆ. ನೆಲ ಒರೆಸಿ ಒದ್ದೆ ಬಿಟ್ಟಿದ್ದರು. ಕಸ ಗುಡಿಸುವಾಕೆ ಓಡಿ ಬಂದು ಎಬ್ಬಿಸಿದಳು. "ಒಣಗಿದೆಯಲ್ಲ ಅಣ್ಣಾ" ಅಂದಳು. ತನ್ನ ಕೆಲಸ ಉಳಿಸಿಕೊಳ್ಳಲಿಕ್ಕೆ ಸುಳ್ಳು ಹೇಳ್ತಾಳೆ, ಪಾಪ.

ಏಪ್ರಿಲ್ 3, ಗುರುವಾರ

ಕೈ ನೋವು. ಬರೆಯಲ್ಲ.

ಏಪ್ರಿಲ್ 9, ಬುಧವಾರ

ಇವಳು ಟೇಪು ಹಿಡಿದು ಬಚ್ಚಲುಮನೆ ಬಾಗಿಲು ಅಳೀತಿದ್ದಳು. ನಾನು ಬಂದದ್ದು ನೋಡಿ ಟೇಪು ಸುತ್ತಿ ಸೆರಗಿನಲ್ಲಿ ಮುಚ್ಚಿಕೊಂಡಳು. ಮನೆ ಬಾಡಿಗೆಗೆ ಕೊಡೋ ಯೋಚನೆಯಾ? ನಾನೆಲ್ಲಿಗೆ ಹೋಗಲಿ?

ರಾತ್ರಿ ಊಟ ಆದ ಮೇಲೆ ಮತ್ತೆ ಅದೇ. "ಒಂದು ಮಾತಿದೆ ಅಂದಿದ್ದೆ." ಹೊಟ್ಟೆ ಸರಿಯಿಲ್ಲ ಅಂತ ಹೋಗಿ ಮಲಗಿದೆ. ಹೇಳದೆ ಇರೋವರೆಗೆ ಇವಳು ಇಲ್ಲಿರ್ತಾಳೆ. ಅಷ್ಟೇ ನನ್ನ ಲೆಕ್ಕಾಚಾರ.

ಏಪ್ರಿಲ್ 15, ಮಂಗಳವಾರ

ಬೆಳಗ್ಗೆ ಲಾರಿ ಬಂತು. ದೊಡ್ಡ ಗೇಟಿನ ಅಗುಳಿ ಎಳೆಯಲಿಕ್ಕೆ ಆಗಲಿಲ್ಲ. ಇಪ್ಪತ್ತಾರು ವರ್ಷ ಎಳೆದ ಅಗುಳಿ. ಎರಡೂ ಕೈ ಹಾಕಿದೆ, ಜೋತುಬಿದ್ದೆ. ಡ್ರೈವರ್ ಹಾರ್ನ್ ಹೊಡೆದ. ಉದ್ದಣ್ಣ ಬಂದು ಒಂದೇ ಕೈಯಲ್ಲಿ ಎಳೆದ. ಎಣ್ಣೆ ಹಾಕಿಲ್ಲ ಅಂತ ಹೇಳಲಿಕ್ಕೆ ಬಾಯಿ ತೆರೆದವನು ಹೇಳಲಿಲ್ಲ, ಯಾಕೆಂದರೆ ನಿನ್ನೆ ಎಣ್ಣೆ ಹಾಕಿದ್ದು ನಾನೇ. ಸೂಪರ್‌ವೈಸರ್ ನನ್ನ ಮುಖ ನೋಡಿ ಮನೆಗೆ ಹೋಗಿ ಅಂದರು.

ಹನ್ನೊಂದು ಗಂಟೆಗೆ ಮನೆ ಸೇರಿದೆ. ಶಾಲೆಗೆ ಹೋಗಿರಬೇಕಾದ ಇವಳು ಮನೆಯಲ್ಲೇ ಇದ್ದಳು. ಬಾಗಿಲ ಹತ್ತಿರ ನಾದಿನಿಯ ಚಪ್ಪಲಿ. ಮಗಳ ಕೋಣೆಯ ಬಾಗಿಲು ಪೂರ್ತಿ ಹಾಕಿರಲಿಲ್ಲ. ಕಿಟಕಿಯಲ್ಲಿ ಪ್ಲೇಯರು ಇಟ್ಟಿದ್ದರು, ಅವನ ದನಿ ಬರ್ತಿತ್ತು. "ಎಂಟನೇ ವಾರ. ಹಾಸಿಗೆಯಿಂದ ಕುರ್ಚಿಗೆ. ನಿಮ್ಮ ಮಂಡಿ ಅವರ ಮಂಡಿಗೆ ತಾಗಿರಲಿ. ಕೊರಳು ಹಿಡಿಯಲು ಬಿಡಬೇಡಿ."

ಸಂದಿಯಿಂದ ನೋಡಿದೆ. ನಾದಿನಿ ಮಂಚದ ಅಂಚಿನಲ್ಲಿ ಕೂತಿದ್ದಳು, ಕೈಕಾಲು ಜೋಲು ಬಿಟ್ಟುಕೊಂಡು. ಇವಳು ಅವಳ ಕಂಕುಳಲ್ಲಿ ತೋಳು ಹಾಕಿ, ಮಂಡಿ ಬಗ್ಗಿಸಿ, ಎತ್ತಿ, ತಿರುಗಿಸಿ, ಕುರ್ಚಿಯಲ್ಲಿ ಕೂರಿಸಿದಳು. ಇಬ್ಬರೂ ಏದುಸಿರು ಬಿಡ್ತಿದ್ದರು.

"ಸರಿಯಾಗಲಿಲ್ಲ," ಅಂದಳು ಇವಳು. "ನೀನು ಹೇಳಿದ ಹಾಗೆ ಕೇಳ್ತೀಯ. ನಿಮ್ಮ ಭಾವ ಹೀಗೆ ಸುಮ್ಮನಿರಲ್ಲ. ಬಿಗೀತಾರೆ, ಬೈತಾರೆ. ನೀನೂ ಬೈ."

ನಾದಿನಿ ಗಂಟಲು ದಪ್ಪ ಮಾಡಿಕೊಂಡಳು. "ಏಯ್, ಮುಟ್ಟಬೇಡ ನನ್ನ! ನಾನೇ ಏಳ್ತೀನಿ! ಈ ಕುರ್ಚಿ ಮಾಡಿದ ಬಡಗಿ ಕಳ್ಳ!"

ಇವಳು ನಕ್ಕಳು. ನಗ್ತಾ ನಗ್ತಾ ತಂಗಿಯ ಹೆಗಲ ಮೇಲೆ ತಲೆ ಇಟ್ಟು ಅತ್ತಳು. "ಬರೋ ವರ್ಷ ಈ ಹೊತ್ತಿಗೆ ಅವರಿಗೆ ಬೈಯೋ ಶಕ್ತಿನಾದರೂ ಉಳಿದಿರುತ್ತೇನೇ?" ಅಂದಳು.

ನಾನು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಕೂತೆ.

ಏಪ್ರಿಲ್ 16, ಬುಧವಾರ

ಕೇಳಿದೆ. ಈ ಸಲ ನಾನೇ, "ಕೂತ್ಕೋ, ಒಂದು ಮಾತಿದೆ" ಅಂದೆ.

ಎಲ್ಲ ಹೇಳಿದಳು. ನನಗಿರೋದು ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಮೊದಲು ಪಾದ, ಬೆರಳು. ಆಮೇಲೆ ಉಳಿದದ್ದು. ನಿಧಾನ ಮಾಡಲಿಕ್ಕೆ ಗುಳಿಗೆ ಇದೆ, ವಾಸಿ ಮಾಡಲಿಕ್ಕಿಲ್ಲ. ಮಾರ್ಚಿನಲ್ಲಿ ಇನ್ನೊಂದು ಆಸ್ಪತ್ರೆಗೂ ರಿಪೋರ್ಟು ಒಯ್ದು ತೋರಿಸಿದ್ದಾಳೆ. ಅಲ್ಲೂ ಅದೇ ಮಾತು. ವೀಡಿಯೊದವನು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಷ್ಟ್ರು. ರೋಗಿಯನ್ನು ಎತ್ತುವ ಮನೆಯವರು ಬೆನ್ನು ಮುರಿದುಕೊಳ್ಳಬಾರದು, ಮೊದಲು ತಾವು ಗಟ್ಟಿಯಾಗಬೇಕು ಅಂತ ಆ ಎಂಟು ವಾರದ ಪಾಠ ತುಂಬಿಸಿ ಕೊಟ್ಟಿದ್ದಾನೆ.

"ನನಗೆ ಯಾಕೆ ಹೇಳಲಿಲ್ಲ?" ಅಂತ ಕೂಗಾಡಿದೆ.

"ಹೇಳಿದ್ದರೆ ನಂಬ್ತಿದ್ರಾ? ಡಾಕ್ಟರು ಕಳ್ಳ, ನೀನು ಅವನ ಏಜೆಂಟು ಅಂತಿದ್ರಿ. ಆದರೂ ಹೇಳೋಣ ಅಂತ ಎಷ್ಟು ಸಲ ಬಂದೆ? ಹಾಲು ತರಲಿಕ್ಕೆ ಓಡಿದ್ರಿ."

"ನೀನು ನನ್ನ ಬಿಟ್ಟು ಹೋಗ್ತೀಯ ಅಂತ..." ಅಂದೆ.

"ಬಿಟ್ಟು ಹೋಗೋಳು ನಿಮ್ಮ ತೂಕ ಎಷ್ಟು ಅಂತ ಯಾಕ್ರೀ ಕೇಳ್ತಾಳೆ, ಹುಚ್ಚಪ್ಪ," ಅಂದಳು. ಹೋದ ತಿಂಗಳು ಕೇಳಿದ್ದಳು. ನಾನು ಅದನ್ನೂ ಅನುಮಾನಪಟ್ಟು ಮೂರು ಕಿಲೋ ಕಮ್ಮಿ ಹೇಳಿದ್ದೆ.

ಹೆದರಿಕೆ ಆಗ್ತಿದೆ. ಬಹಳ. ಇದನ್ನು ಇನ್ಯಾರ ಮೇಲೂ ಹೊರಿಸೋ ಹಾಗಿಲ್ಲ.

ಏಪ್ರಿಲ್ 20, ಭಾನುವಾರ

ಇದಿಷ್ಟನ್ನು ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಅಕ್ಷರ ನನಗೇ ಓದಲಿಕ್ಕಾಗಲ್ಲ.

ಬೆಳಗ್ಗೆ ಇವಳು ಮಗಳ ಕೋಣೆಗೆ ಹೋದಾಗ ನಾನೂ ಹಿಂದೆ ಹೋದೆ. "ನಿನ್ನ ತಂಗಿ ಇವತ್ತು ಬರೋದು ಬೇಡ," ಅಂದೆ. "ಅವಳ ಮೇಲೆ ಅಭ್ಯಾಸ ಮಾಡಿ ಏನು ಪ್ರಯೋಜನ? ಎತ್ತಬೇಕಾದ್ದು ನನ್ನನ್ನು. ನಾನೇ ಕೂತ್ಕೋತೀನಿ."

"ಈಗಿನ್ನೂ ನಡೆದಾಡ್ತಿದ್ದೀರಲ್ರೀ."

"ಅದಕ್ಕೇ. ಈಗಲೇ ಕಲಿ. ಆಮೇಲೆ ತಪ್ಪಾದರೆ ಹೇಳಿಕೊಡೋಕೆ ನನ್ನ ಬಾಯಿ ಇರುತ್ತೋ ಇಲ್ಲವೋ."

ಮಂಚದ ಅಂಚಿನಲ್ಲಿ ಕೂತೆ. ಪ್ಲೇಯರಿನಲ್ಲಿ ಅವನು ಎಣಿಸಿದ. ಇವಳು ಕಂಕುಳಲ್ಲಿ ತೋಳು ಹಾಕಿದ ತಕ್ಷಣ ನನ್ನ ಮೈಯೆಲ್ಲ ಮರಗಟ್ಟಿತು. ಬೀಳಿಸ್ತಾಳೆ ಅಂತಲೇ ಅನ್ನಿಸಿತು. ಏಳಲಿಕ್ಕಾಗಲಿಲ್ಲ. ಎರಡನೇ ಸಲ ಇವಳ ಕೈಯನ್ನೇ ತಳ್ಳಿಬಿಟ್ಟೆ. ಇಬ್ಬರೂ ಮಂಚದ ಮೇಲೆ ಬಿದ್ದೆವು.

"ಎತ್ತಿಸಿಕೊಳ್ಳುವವರು ಮೈ ಬಿಡಬೇಕು. ಭಾರವನ್ನೆಲ್ಲ ಕೊಟ್ಟುಬಿಡಿ," ಅಂದ ಅವನು, ಅಂಗೈ ಅಗಲದ ಪರದೆಯಿಂದ.

"ಕೇಳಿಸ್ತಾ?" ಅಂದಳು ಇವಳು. "ಕೊಡ್ರೀ. ನಾನೇನು ಕದ್ದುಕೊಂಡು ಹೋಗಲ್ಲ."

ಮೂರನೇ ಸಲ ಕಣ್ಣು ಮುಚ್ಚಿದೆ. ಮೈ ಬಿಟ್ಟೆ. ಇಷ್ಟು ವರ್ಷ ಯಾರಿಗೂ ಬಿಟ್ಟುಕೊಡದೆ ಬಿಗಿ ಹಿಡಿದ ಮೈ. ಒಂದು, ಎರಡು, ಮೂರು ಅಂದಳು. ನನ್ನ ಪಾದ ನೆಲ ಬಿಟ್ಟ ಹಾಗಾಯಿತು, ತಿರುಗಿದ ಹಾಗಾಯಿತು, ನೋಡಿದರೆ ಕುರ್ಚಿಯಲ್ಲಿ ಕೂತಿದ್ದೇನೆ. "ಅಯ್ಯೋ, ಇಷ್ಟೇನಾ ನೀವು!" ಅಂತ ನಕ್ಕಳು. ಇವಳ ಎದೆ ಡಬಡಬ ಹೊಡೆದುಕೊಳ್ಳೋದು ನನಗೆ ಕೇಳಿಸ್ತಿತ್ತು.

ನನ್ನ ಎರಡೂ ಕೈ ಇವಳ ಕೊರಳಲ್ಲಿದ್ದವು. ಕೊರಳು ಹಿಡಿಯಬಾರದು ಅಂತ ಅವನು ಆಗಲೇ ಹೇಳಿದ್ದ.

"ಕೂತಾಯ್ತಲ್ರೀ, ಬಿಡಿ ಇನ್ನ," ಅಂದಳು.

ಬಿಡಲಿಲ್ಲ.